ಸ್ಮಾರ್ಟ್ ಸ್ಪೀಕರೋ, ಫೋನೋ: ನಮ್ಮ ಕಡೆ ಮಾತಿಗೆ ಓಗೊಡುವುದು ಯಾವುದು?

ತೀರ್ಪು ಮೊದಲೇ ಹೇಳಿಬಿಡೋಣ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗೆ, ಕನ್ನಡದಲ್ಲೇ ಮಾತಾಡಿ ಕೆಲಸ ಮಾಡಿಸಿಕೊಳ್ಳಬೇಕು ಎಂಬ ಆಸೆಯಿಂದ ಸ್ಮಾರ್ಟ್ ಸ್ಪೀಕರ್ ಕೊಳ್ಳುವುದಾದರೆ ಸದ್ಯಕ್ಕೆ ಬೇಡ. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿಗೆ ಕನ್ನಡ ಹಾಕಿ, ಕಾಂಟ್ಯಾಕ್ಟ್ ಪಟ್ಟಿ ಒಂದಿಷ್ಟು ಒಪ್ಪ ಮಾಡಿಕೊಂಡರೆ ಅದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ, ಖರ್ಚೂ ಇಲ್ಲ. ಹಾಡು ಕೇಳಲು, ಲೈಟು ಫ್ಯಾನು ಆನ್ ಆಫ್ ಮಾಡಿಸಲು, ಅದನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಲು ಬೇಸರವಿಲ್ಲದವರಿಗೆ ಮಾತ್ರ ಸ್ಪೀಕರ್ ಚೊಲೋ ವಸ್ತು.

ಕಾರಣ ಭಾಷೆಗಳ ಪಟ್ಟಿಯಲ್ಲೇ ಇದೆ. ಅಮೆಜಾನ್‌ನ ಅಲೆಕ್ಸಾ 2014ರಲ್ಲಿ ಎಕೋ ಸ್ಪೀಕರ್ ಜೊತೆ ಅಮೆರಿಕದಲ್ಲಿ ಬಂತು, 2017ರಲ್ಲಿ ಭಾರತಕ್ಕೆ ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡ ಆ ಪಟ್ಟಿಗೆ ಸೇರಿಲ್ಲ. ಗೂಗಲ್‌ನ ನೆಸ್ಟ್ ಸ್ಪೀಕರುಗಳೂ ನಮ್ಮ ದೇಶದ ಭಾಷೆಗಳಲ್ಲಿ ಹಿಂದಿಗೇ ನಿಂತಿವೆ. ಆದರೆ ಅದೇ ಗೂಗಲ್ ಫೋನಿನಲ್ಲಿ ಕನ್ನಡಕ್ಕೆ ಬಂದು ವರ್ಷಗಳಾದವು: ಮಾತಾಡಿ ಟೈಪ್ ಮಾಡುವ ಸೌಲಭ್ಯ 2017ರಲ್ಲಿ, ಹೇಳಿದ ಕೆಲಸ ಮಾಡುವ ಸಹಾಯಕ ಅಸಿಸ್ಟೆಂಟ್ 2019ರಲ್ಲಿ, ಹೊಸ ಬಗೆಯ ಸಹಾಯಕ ಜೆಮಿನಿ 2024ರಲ್ಲಿ. ಡಬ್ಬದ ಮೇಲಿನ ಹೆಸರು ಒಂದೇ ಆದರೂ ಫೋನಿಗೆ ಕನ್ನಡ ಬರುತ್ತದೆ, ಸ್ಪೀಕರಿಗೆ ಬರುವುದಿಲ್ಲ. 'ಎಲ್ಲಾ ಭಾಷಾ ಬರ್ತಾವ್ರಿ ಸರ' ಎಂದು ಅಂಗಡಿಯವರು ಹೇಳಿದರೆ, ಆ ಕಂಪನಿಯ ಆ್ಯಪ್ ತೆರೆಸಿ ಭಾಷೆಯ ಪಟ್ಟಿ ತೋರಿಸಿ ಎನ್ನಿ. ಆ ಪಟ್ಟಿ ಮುಂದೆ ಬದಲಾದೀತು; ಕೊಳ್ಳುವ ದಿನ ಏನಿದೆಯೋ ಅದನ್ನೇ ನಂಬಬೇಕು.

ಕಿರಾಣಿ ಅಂಗಡಿಯ ಸೌಂಡ್‌ಬಾಕ್ಸ್ ಯುಪಿಐ ದುಡ್ಡು ಬಂದಾಗ ಕನ್ನಡದಲ್ಲಿ ಕೂಗುವುದನ್ನು ಕೇಳಿ, ಸ್ಪೀಕರುಗಳಿಗೂ ಕನ್ನಡ ಬರುತ್ತದೆ ಎಂದುಕೊಂಡವರಿದ್ದಾರೆ. ಆ ಡಬ್ಬಿಗೆ ಬಾಯಿ ಮಾತ್ರ ಇದೆ, ಕಿವಿ ಇಲ್ಲ. ಒಳಗಿನ ಸಿಮ್ ಮೂಲಕ ಬಂದ ಮೊತ್ತವನ್ನು ಗಟ್ಟಿಯಾಗಿ ಹೇಳುವುದಷ್ಟೇ ಅದರ ಕೆಲಸ. ಯಂತ್ರಕ್ಕೆ ಕಷ್ಟ ಇರುವುದು ಕೇಳುವುದರಲ್ಲಿ.

ಒಂದು ಅಲಾರಾಂ ಎಲ್ಲೆಲ್ಲಿ ಹಾದು ಬರುತ್ತದೆ

'ನಾಳಿ ಮುಂಜಾನಿ ಪೌಣೆ ಆರಕ್ಕ ಎಬ್ಬಸು.' ಬಾಗಲಕೋಟೆಯಲ್ಲಿ ಯಾರಿಗೆ ಹೇಳಿದರೂ ಐದು ನಲವತ್ತೈದಕ್ಕೆ ಬಂದು ಎಬ್ಬಿಸುತ್ತಾರೆ. ಯಂತ್ರಕ್ಕೆ ಇದೇ ಮಾತು ನಾಲ್ಕೈದು ಬಾಗಿಲು ದಾಟಬೇಕು.

ಮೊದಲನೆಯದು ಎಚ್ಚರಿಸುವ ಪದ: 'ಹೇ ಗೂಗಲ್' ಅಥವಾ 'ಅಲೆಕ್ಸಾ'. ಇದನ್ನು ಗುರುತಿಸುವ ಪುಟ್ಟ ಮಾದರಿ (ಮಾತಿನ ನಮೂನೆಗಳಿಂದ ಕಲಿತ ಪ್ರೋಗ್ರಾಂ) ಉಪಕರಣದೊಳಗೇ ಕೂತು ಸದಾ ಕೇಳುತ್ತಿರುತ್ತದೆ. ಕಡೆಯ ಕೆಲವು ಸೆಕೆಂಡುಗಳ ಸದ್ದನ್ನು ಮಾತ್ರ ಇಟ್ಟುಕೊಂಡು, ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ತನ್ನ ಪದ ಕೇಳಿಸಿತು ಎನಿಸಿದಾಗಲಷ್ಟೇ ನೆಟ್‌ವರ್ಕ್ ಕಡೆ ಬಾಗಿಲು ತೆರೆಯುತ್ತದೆ. ಇಲ್ಲಿ ಒಂದು ಹೊಯ್ದಾಟ ತಪ್ಪಿದ್ದಲ್ಲ. ಗುರುತಿಸುವ ಮಿತಿಯನ್ನು ಸಡಿಲ ಇಟ್ಟರೆ ಟಿವಿಯ ಮಾತಿಗೂ ಎದ್ದು ಕೂರುತ್ತದೆ, ಬಿಗಿ ಇಟ್ಟರೆ ಅಜ್ಜನ ನಡುಗುವ ದನಿಗೆ ಏಳುವುದೇ ಇಲ್ಲ. ಟಿವಿಯಿಂದ ತೊಂದರೆ ಆಗುತ್ತಿದ್ದರೆ ಅಲೆಕ್ಸಾದಲ್ಲಿ ಪದವನ್ನೇ 'ಎಕೋ' ಅಥವಾ 'ಕಂಪ್ಯೂಟರ್' ಎಂದು ಬದಲಿಸಬಹುದು. ಫೋನಿನಲ್ಲಿ ಬೇರೆ ಪದ ಇಡಲು ಬರುವುದಿಲ್ಲ. ವಾಯ್ಸ್ ಮ್ಯಾಚ್‌ನಲ್ಲಿ ನಿಮ್ಮ ದನಿಯನ್ನು ಇನ್ನೊಮ್ಮೆ ಕಲಿಸಬಹುದು ಅಷ್ಟೇ. ಕಲಿಸುವಾಗ ರೇಡಿಯೋ ಜಾಹೀರಾತಿನ ದನಿ ತೆಗೆಯಬೇಡಿ, ದಿನವೂ ಹೇಗೆ ಕರೆಯುತ್ತೀರೋ ಹಾಗೇ ಹೇಳಿ.

ಎರಡನೆಯದು ಸದ್ದನ್ನು ಅಕ್ಷರ ಮಾಡುವುದು. ಮೈಕಿನ ಸದ್ದನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು, 25 ಮಿಲಿಸೆಕೆಂಡಿನ ತುಣುಕುಗಳಾಗಿ ನೋಡುತ್ತಾರೆ. ಒಂದು ತುಣುಕಿನಿಂದ ಮುಂದಿನದಕ್ಕೆ 10 ಮಿಲಿಸೆಕೆಂಡಿನ ಹೆಜ್ಜೆ. ನಮ್ಮ ಅಲಾರಾಂ ಮಾತಿಗೆ ನಾಲ್ಕು ಸೆಕೆಂಡು ಹಿಡಿದರೆ ಸುಮಾರು 400 ತುಣುಕು. ಪ್ರತಿ ತುಣುಕಿನಲ್ಲೂ ತಗ್ಗು ದನಿಯಿಂದ ಏರು ದನಿಯವರೆಗೆ ಎಲ್ಲೆಲ್ಲಿ ಎಷ್ಟು ಬಲ ಇದೆ ಎಂದು ಲೆಕ್ಕ ಹಾಕಿ, 'ಇದು ಯಾವ ಅಕ್ಷರದ ತುಂಡು ಇರಬಹುದು' ಎಂಬ ಸಂಭವಗಳನ್ನು ಮಾದರಿ ಕೊಡುತ್ತದೆ. ಒಂದೇ ಉತ್ತರ ಇರುವುದಿಲ್ಲ, ಹಲವು ಸಾಧ್ಯತೆ ಇರುತ್ತವೆ. ಅವುಗಳಲ್ಲಿ ಕನ್ನಡದಲ್ಲಿ ಹೆಚ್ಚಾಗಿ ಬರುವ ಸಾಲು ಗೆಲ್ಲುತ್ತದೆ. 'ಹೆಚ್ಚಾಗಿ' ಎಂದರೆ ಕಲಿಸಿದವರು ತುಂಬಿದ ಕನ್ನಡದಲ್ಲಿ ಹೆಚ್ಚಾಗಿ. ನಮ್ಮ ಕಡೆಯವರ ತಾಪತ್ರಯ ಇಲ್ಲಿಂದಲೇ ಶುರು.

ಮೂರನೆಯ ಬಾಗಿಲಲ್ಲಿ ಬರಹ ಅಂಕಿಯಾಗುತ್ತದೆ. 'ಐದೂವರೆ' ಎಂಬುದು 5:30 ಆಗಬೇಕು. ಆಮೇಲೆ ಇದು ಅಲಾರಾಂ ಕೆಲಸವೋ, ಫೋನ್ ಕರೆಯೋ, ಹವಾಮಾನದ ಪ್ರಶ್ನೆಯೋ ಎಂದು ಬಗೆ ಹಚ್ಚಿ, ಅದಕ್ಕೆ ಬೇಕಾದ ಖಾನೆಗಳನ್ನು ತುಂಬಬೇಕು: ಯಾವ ದಿನ, ಎಷ್ಟು ಗಂಟೆ. ಕಡೆಗೆ ಕೆಲಸ ಮಾಡಿ, ಉತ್ತರವನ್ನು ದನಿ ಮಾಡಿ ಹೇಳುವುದು. ಈ ಕೊನೆಯದರ ಬಗ್ಗೆ ದೂರಿಲ್ಲ. ಕನ್ನಡದ ಯಂತ್ರದ ದನಿ ವಾರ್ತೆ ಓದಿದಂತೆ ಇರುತ್ತದೆ, ಆದರೆ ಸ್ಪಷ್ಟ.

ಈಗ 'ಪೌಣೆ ಆರಕ್ಕ' ಏನಾಯಿತು ನೋಡಿ. 'ನಾಳಿ', 'ಮುಂಜಾನಿ', 'ಎಬ್ಬಸು' ಇವು ನಾಳೆ, ಮುಂಜಾನೆ, ಎಬ್ಬಿಸುಗಳಿಗೆ ಹತ್ತಿರದ ಸದ್ದು. ಮಾದರಿ ಹೇಗೋ ಸಂಭಾಳಿಸಿಕೊಳ್ಳುತ್ತದೆ. 'ಪೌಣೆ' ಹಾಗಲ್ಲ. ಮರಾಠಿಯ ಬಳಿ ಇರುವ ನಮ್ಮ ಜಿಲ್ಲೆಗಳ ಲೆಕ್ಕದ ಮಾತು ಅದು, ಮೈಸೂರು ಬೆಂಗಳೂರಿನ ಬರಹದಲ್ಲಿ ಕಾಣಿಸುವುದೇ ಇಲ್ಲ. ಅದು ಬೇರೇನೋ ಪದವಾಗಿ ಬಿದ್ದುಹೋದರೆ ಖಾನೆಯಲ್ಲಿ ಉಳಿಯುವುದು 'ಆರು' ಒಂದೇ. ಅಲಾರಾಂ 6:00ಕ್ಕೆ ಕೂರುತ್ತದೆ. ಯಂತ್ರ 'ತಿಳಿಯಲಿಲ್ಲ' ಎಂದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದಿರಿ. ಅದು 'ಸರಿ' ಎಂದು ಹೇಳಿ ಹದಿನೈದು ನಿಮಿಷ ನುಂಗಿಹಾಕಿತು. ಧ್ವನಿ ಸಹಾಯಕಗಳಲ್ಲಿ ಅತಿ ದುಬಾರಿ ತಪ್ಪು ಎಂದರೆ ಈ ಬಾಯಿ ಮುಚ್ಚಿಕೊಂಡ ತಪ್ಪು. ಆದ್ದರಿಂದ ಅಲಾರಾಂ ಇಟ್ಟ ಮೇಲೆ ಅದು ಮರಳಿ ಹೇಳುವ ಸಮಯವನ್ನು ಕಿವಿಗೊಟ್ಟು ಕೇಳಿ, ಇಲ್ಲವೇ ಪರದೆ ನೋಡಿ. 'ಸವಾ' (ಕಾಲು ಹೆಚ್ಚು), 'ಪೌಣೆ' (ಕಾಲು ಕಡಿಮೆ), 'ದೀಡ' (ಒಂದೂವರೆ), 'ಅಡೀಚ' (ಎರಡೂವರೆ) ಇವು ನಾಲ್ಕನ್ನೂ ಯಂತ್ರದ ಮುಂದೆ ಬಿಟ್ಟುಬಿಡುವುದು ಒಳ್ಳೆಯದು. 'ಐದು ನಲವತ್ತೈದಕ್ಕೆ', 'ತೊಂಬತ್ತು ನಿಮಿಷಕ್ಕೆ' ಎನ್ನಿ. 'ದೀಡ ತಾಸಿಗೆ' ಎಂದಾಗ ಅದರಲ್ಲಿ ಎರಡು ಅಪಾಯ ಕೂಡಿವೆ. ತಾಸು ಎಂಬುದೂ ಅದಕ್ಕೆ ಗಂಟೆಯಷ್ಟು ರೂಢಿ ಇಲ್ಲ.

ದಿನದ ವಿಷಯದಲ್ಲೂ ಒಂದು ಹೊಂಡ ಇದೆ. ರಾತ್ರಿ ಹನ್ನೆರಡೂವರೆಗೆ ಮಲಗುವಾಗ 'ನಾಳೆ ಬೆಳಿಗ್ಗೆ' ಎಂದರೆ ನಮ್ಮ ಲೆಕ್ಕ ಬೇರೆ, ಕ್ಯಾಲೆಂಡರ್ ಲೆಕ್ಕ ಬೇರೆ. ಒಂದು ಹಗಲು ಪೂರ್ತಿ ಹಾರಿಹೋಗಬಹುದು. ಅಷ್ಟೊತ್ತಿನಲ್ಲಿ 'ಇವತ್ತು ಬೆಳಿಗ್ಗೆ' ಎನ್ನಬೇಕು, ಇಲ್ಲವೇ 'ಐದು ತಾಸು ಬಿಟ್ಟು' ಎಂಬುದನ್ನು 'ಐದು ಗಂಟೆಯ ಟೈಮರ್' ಎಂದು ಹೇಳಬೇಕು.

ಉಸಿರು ತಗೊಂಡರೆ ಮಾತು ಮುಗಿಯಿತು

ನೀವು ಮಾತು ಮುಗಿಸಿದಿರಿ ಎಂದು ಯಂತ್ರಕ್ಕೆ ತಿಳಿಯುವುದು ಮೌನದಿಂದ. ಸುಮಾರು ಅರ್ಧದಿಂದ ಒಂದು ಸೆಕೆಂಡು ಸದ್ದಿಲ್ಲದಿದ್ದರೆ ಕಿವಿ ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ಇದರಿಂದ ಅಷ್ಟು ಹಾನಿ ಇಲ್ಲ, ಏನು ಮಾಡಬೇಕು ಎಂಬುದು ಮೊದಲೇ ಬಂದಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕಡೆಗೆ. 'ಹಾಲಿನ ಈರಣ್ಣಗ... ಆ... ಫೋನ್ ಹಚ್ಚು' ಎಂದು ನಡುವೆ ತಡವರಿಸಿದರೆ ಯಂತ್ರದ ಕೈಗೆ ಸಿಗುವುದು ಈರಣ್ಣ ಒಬ್ಬನೇ. ಅವನನ್ನು ಏನು ಮಾಡಬೇಕು ಎಂಬುದು ಬಾಗಿಲ ಹೊರಗೇ ಉಳಿಯಿತು. ಆಗ ಅದು ಈರಣ್ಣ ಎಂಬ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೋರಿಸುತ್ತದೆ. 'ನನಗ ಇದ್ಯಾಕ ತೋರಸ್ತದ?' ಎಂದು ಹಿರಿಯರು ಸಿಟ್ಟಾಗುವುದು ಇದಕ್ಕೇ. ಉಪಾಯ ಸರಳ: ವಾಕ್ಯವನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಆಮೇಲೆ ಯಂತ್ರವನ್ನು ಕರೆಯುವುದು, ಒಂದೇ ಉಸಿರಿಗೆ ಹೇಳುವುದು. ಅವಸರ ಬೇಡ, ನಡುವೆ ನಿಲ್ಲಬಾರದು ಅಷ್ಟೇ.

'ಹಚ್ಚು' ಎಂಬುದನ್ನು ಬಳಸಲೇಬೇಡಿ ಎನ್ನುವುದಿಲ್ಲ. ಆದರೆ ಫೋನೂ ಹಚ್ಚುತ್ತೇವೆ, ಲೈಟೂ ಹಚ್ಚುತ್ತೇವೆ, ಹಾಡೂ ಹಚ್ಚುತ್ತೇವೆ. ಬಗೆ ಹಚ್ಚುವ ಹೊರೆ ಪೂರ್ತಿ ಹಿಂದಿನ ಪದದ ಮೇಲೆ ಬೀಳುತ್ತದೆ. 'ಫೋನ್ ಮಾಡು', 'ಲೈಟ್ ಆನ್ ಮಾಡು', 'ಹಾಡು ಪ್ಲೇ ಮಾಡು' ಎಂದರೆ ಎಡವುವುದು ಕಡಿಮೆ.

ನಮ್ಮ ಮಾತಿನ ಇನ್ನೊಂದು ಗುಣ, ಪದದ ಕೊನೆಯ ಎಕಾರ ಇಕಾರವಾಗುವುದು: ಮನೆ ಮನಿ, ಮಳೆ ಮಳಿ, ಬೆಲೆ ಬೆಲಿ. 'ಇವತ್ತ ಮಳಿ ಬರ್ತೈತೇನ?' ಎಂಬುದು ಸಾಮಾನ್ಯವಾಗಿ ದಾಟುತ್ತದೆ, ಸುತ್ತಲ ಪದಗಳು ಕೈ ಹಿಡಿಯುತ್ತವೆ. 'ಮನಿಗೆ ದಾರಿ ತೋರ್ಸು' ಎನ್ನುವಾಗ ಅದು ದುಡ್ಡಿನ ಕಡೆ ತಿರುಗಿದರೂ ತಿರುಗಿತು. ಹೊಸ ಬಗೆಯ ಸಹಾಯಕಗಳು, ಅಂದರೆ ದೊಡ್ಡ ಭಾಷಾ ಮಾದರಿಯ ಮೇಲೆ ನಡೆಯುವ ಜೆಮಿನಿಯಂಥವು, ಮುಂದಿನ ಹಿಂದಿನ ಮಾತು ನೋಡಿ ಅಂದಾಜು ಕಟ್ಟುವುದರಲ್ಲಿ ಹಳೆಯ ಕಟ್ಟುನಿಟ್ಟಿನ ಅಸಿಸ್ಟೆಂಟಿಗಿಂತ ಚುರುಕು. ಆದರೆ ಅಂದಾಜು ತಪ್ಪಿದಾಗಲೂ ಅಷ್ಟೇ ಧೈರ್ಯದಿಂದ ಮಾತಾಡುತ್ತವೆ. ಅಲಾರಾಂ, ಟೈಮರಿನಂಥ ಸಣ್ಣ ಕೆಲಸಕ್ಕೆ ಹಳೆಯದರ ಕಟ್ಟುನಿಟ್ಟೇ ವಾಸಿ ಎನಿಸುವುದುಂಟು.

ಇದು ಹೀಗೇ ಇರಬೇಕೆಂದೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ವಾಣಿ' ಯೋಜನೆ ಜಿಲ್ಲೆವಾರು ಜನರ ಮಾತನ್ನು ದಾಖಲಿಸುತ್ತಿದೆ, ಕೇಂದ್ರ ಸರ್ಕಾರದ 'ಭಾಷಿಣಿ' 2022ರಿಂದ ಭಾರತೀಯ ಭಾಷೆಗಳ ಧ್ವನಿ ಮತ್ತು ಅನುವಾದದ ಕೆಲಸ ಮಾಡುತ್ತಿದೆ. ತುಂಬುವ ಮಾತಿನಲ್ಲಿ ಜಮಖಂಡಿ, ಇಂಡಿ, ಗೋಕಾಕದ ದನಿ ಎಷ್ಟು ಇರುತ್ತದೋ ಯಂತ್ರಕ್ಕೆ ನಮ್ಮ ಮಾತು ಅಷ್ಟು ತಿಳಿಯುತ್ತದೆ.

ಮನೆಯ ಗೋಡೆ, ಕೂಲರು, ಫರಸಿ

ಸ್ಪೀಕರಿನ ಕಿವಿಗೆ ಮಾತ್ರ ಪೂರ್ತಿ ಅಂಕ ಕೊಡಬಹುದು. ನೆಸ್ಟ್ ಮಿನಿಯಲ್ಲಿ ಮೂರು ಮೈಕ್ ಇವೆ. ಎರಡು ಮೈಕುಗಳ ನಡುವೆ ಏಳು ಸೆಂಟಿಮೀಟರ್ ಅಂತರ ಇದ್ದರೆ, ಪಕ್ಕದಿಂದ ಬಂದ ದನಿ ಒಂದನ್ನು ಮುಟ್ಟಿ 0.2 ಮಿಲಿಸೆಕೆಂಡಿನ ಮೇಲೆ ಇನ್ನೊಂದನ್ನು ಮುಟ್ಟುತ್ತದೆ. ಆ ಅಂತರ ನೋಡಿ ಮಾತು ಯಾವ ದಿಕ್ಕಿನದು ಎಂದು ಲೆಕ್ಕ ಹಾಕಿ, ಆ ಕಡೆಯ ಸದ್ದನ್ನು ಎತ್ತಿ ಉಳಿದದ್ದನ್ನು ತಗ್ಗಿಸುತ್ತದೆ. ತಾನೇ ನುಡಿಸುತ್ತಿರುವ ಹಾಡು ತನಗೆ ಗೊತ್ತಿರುವುದರಿಂದ ಅದನ್ನೂ ಕಳೆದುಬಿಡುತ್ತದೆ. ಹಾಡು ಜೋರಾಗಿದ್ದರೂ 'ನಿಲ್ಲಿಸು' ಎಂಬ ಮಾತು ತಲುಪುವುದು ಹೀಗೆ. ಬೇರೆ ಟಿವಿಯ ಸದ್ದು ಅದಕ್ಕೆ ಗೊತ್ತಿರುವುದಿಲ್ಲ, ಅಲ್ಲಿ ಸೋಲುತ್ತದೆ. ಫ್ಯಾನು, ಕೂಲರಿನ ಗುಂಯ್‌ಗುಡುವ ಸದ್ದು ಒಂದೇ ಸಮ ಇರುವುದರಿಂದ ಸೋಸುವುದು ಸುಲಭ. ಕುಕ್ಕರಿನ ಸೀಟಿ, ಮಿಕ್ಸರ್, ಪಕ್ಕದಲ್ಲಿ ಹರಟುವ ಇಬ್ಬರು ಕಷ್ಟ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದ ಕೂಲರು ಸ್ಪೀಕರಿನ ಮುಖಕ್ಕೇ ಗಾಳಿ ಊದುವಂತೆ ಇಡಬೇಡಿ. ಗಾಳಿ ಮೈಕಿನ ತೂತಿಗೆ ಹೊಡೆದಾಗ ಬರುವ ಗದ್ದಲವನ್ನು ಯಾವ ಲೆಕ್ಕವೂ ಸೋಸಲಾರದು.

ದೂರ ಎರಡು ಪಟ್ಟಾದರೆ ದನಿಯ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಒಂದೂವರೆ ಮೀಟರಿನಿಂದ ಹೇಳಿದ ಮಾತು ಮೂರು ಮೀಟರಿನಲ್ಲಿ ಅಷ್ಟು ಸಣ್ಣದಾಗುತ್ತದೆ, ಆದರೆ ಗೋಡೆಯಿಂದ ಮರಳಿ ಬರುವ ದನಿ ಅಷ್ಟೇ ಇರುತ್ತದೆ. ಫರಸಿ ಹಾಸಿದ ನೆಲ, ಪರದೆ ಇಲ್ಲದ ಕಿಟಕಿ, ಬೋಳು ಗೋಡೆಯ ದೊಡ್ಡ ಪಡಸಾಲೆ ಇದ್ದರೆ ಮಾತಿನ ಬಾಲ ಮುಂದಿನ ಅಕ್ಷರದ ಮೇಲೆ ಬಿದ್ದು ಕಲಸಿಹೋಗುತ್ತದೆ. ಸಣ್ಣ ಪ್ರಮಾಣದ ಗೋಲ್ ಗುಂಬಜ್ ಅಂದುಕೊಳ್ಳಿ. ಒಂದು ಜಮಖಾನ ಹಾಸಿ ದಪ್ಪ ಪರದೆ ಕಟ್ಟಿದರೆ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಆಗುತ್ತದೆ. ಸ್ಪೀಕರನ್ನು ಗೋಡೆಯಿಂದ ಕನಿಷ್ಠ 20 ಸೆಂಟಿಮೀಟರ್ ದೂರ, ಕೂತಾಗ ಬಾಯಿ ಇರುವ ಎತ್ತರಕ್ಕೆ ಇಡಿ. ಹಳೆ ಮನೆಗಳ ಗೋಡೆಯ ಗೂಡು ನೋಡಲು ಅಂದ, ಆದರೆ ಮೂರು ಕಡೆ ಕಲ್ಲಿರುವ ಆ ಜಾಗ ಅತಿ ಕೆಟ್ಟದ್ದು.

ಫೋನಿನ ಮೈಕು ಬಾಯಿ ಹತ್ತಿರ ಇರುವುದರಿಂದ ಈ ತಲೆಬಿಸಿ ಕಡಿಮೆ. ಅದರ ಶತ್ರು ಧೂಳು. ಕೆಳಗಿನ ಸಣ್ಣ ತೂತು ಕವರಿನಿಂದಲೋ ಮಣ್ಣಿನಿಂದಲೋ ಮುಚ್ಚಿದ್ದರೆ ಯಾವ ಭಾಷೆಯೂ ತಿಳಿಯುವುದಿಲ್ಲ. ಧ್ವನಿ ರೆಕಾರ್ಡರಿನಲ್ಲಿ ಹತ್ತು ಸೆಕೆಂಡು ಮಾತಾಡಿ ಕೇಳಿ. ಮುಸುಕು ಹಾಕಿದಂತೆ ಕೇಳಿಸಿದರೆ ಕವರ್ ತೆಗೆದು ಮೆತ್ತನೆಯ ಒಣ ಬ್ರಷ್ಷಿನಿಂದ ಒರೆಸಿ. ಪಿನ್ನು ಚುಚ್ಚಬೇಡಿ.

ನೆಟ್‌ವರ್ಕ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಡೇಟಾ ತುಂಬಾ ಹೋಗುತ್ತದೆ ಎಂಬ ಭಯ ಬೇಡ: ನಾಲ್ಕು ಸೆಕೆಂಡಿನ ಮಾತು ಹಿಂಡದೆ ಕಳಿಸಿದರೆ 128 ಕಿಲೋಬೈಟ್, ಸೆಕೆಂಡಿಗೆ 32 ಕಿಲೋಬಿಟ್ ಲೆಕ್ಕದಲ್ಲಿ ಹಿಂಡಿ ಕಳಿಸಿದರೆ 16 ಕಿಲೋಬೈಟ್. ಒಂದು ವಾಟ್ಸಾಪ್ ಫೋಟೋ ಇದಕ್ಕಿಂತ ಎಷ್ಟೋ ದೊಡ್ಡದು. ಬೇಕಿರುವುದು ವೇಗವಲ್ಲ, ಕಡಿಯದ ಸಂಪರ್ಕ. ಹೊಲದ ಅಂಚಿನಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತಿದ್ದರೆ ಮಾತಿನ ನಡುವಿನ ತುಂಡು ಬಿದ್ದು, ಅರ್ಧ ವಾಕ್ಯಕ್ಕೆ ಉತ್ತರ ಬರುತ್ತದೆ.

ಸ್ಪೀಕರಿಗೆ ಬ್ಯಾಟರಿ ಇಲ್ಲ ಎಂಬುದನ್ನು ಡಬ್ಬದ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ಹೆಸ್ಕಾಂ ಕರೆಂಟ್ ಹೋದರೆ ಅದೂ ಹೋಯಿತು, ವೈಫೈ ರೌಟರೂ ಹೋಯಿತು. ಇನ್ವರ್ಟರ್ ಇದ್ದ ಮನೆಯಲ್ಲಿ ಎರಡನ್ನೂ ಇನ್ವರ್ಟರ್ ಪಾಯಿಂಟಿಗೇ ಹಾಕಿ. ಒಂದನ್ನೇ ಹಾಕಿದರೆ ಪ್ರಯೋಜನ ಇಲ್ಲ.

ಫೋನಿಗೆ ಕನ್ನಡ ಹಾಕುವ ಕ್ರಮ

ಗೂಗಲ್ ಆ್ಯಪ್ ತೆರೆದು ಬಲಮೇಲಿನ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಗೂಗಲ್ ಅಸಿಸ್ಟೆಂಟ್, ಭಾಷೆಗಳು ಎಂದು ಹೋಗಿ ಕನ್ನಡ ಆರಿಸಿ. ಫೋನ್ ಕಂಪನಿಗೆ ತಕ್ಕಂತೆ ಹೆಸರು ಒಂಚೂರು ಆಚೀಚೆ ಇರುತ್ತದೆ. ಇನ್ನು ಮಾತಾಡಿ ಟೈಪ್ ಮಾಡುವುದು ಬೇರೆ ವಿಷಯ, ಅದು ಕೀಬೋರ್ಡಿನ ಕೆಲಸ. ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳು, ಕೀಬೋರ್ಡ್ ಸೇರಿಸು, ಕನ್ನಡ. ಬಹಳ ಜನ 'ಕನ್ನಡ ಬರಂಗಿಲ್ಲ' ಎಂದು ಬಿಟ್ಟುಬಿಡುವುದು ಇಲ್ಲೇ: ಮೈಕ್ ಒತ್ತುವಾಗ ಯಾವ ಭಾಷೆಯ ಕೀಬೋರ್ಡ್ ತೆರೆದಿದೆಯೋ ಆ ಭಾಷೆಯಲ್ಲೇ ಅದು ಕೇಳುತ್ತದೆ. ಇಂಗ್ಲಿಷ್ ಕೀಬೋರ್ಡ್ ಇಟ್ಟು 'ನಾನು ಬರ್ತೀನಿ' ಎಂದರೆ ಇಂಗ್ಲಿಷ್ ಪದಗಳ ಅವಲಕ್ಕಿ ಬರುತ್ತದೆ. ಸ್ಪೇಸ್ ಪಟ್ಟಿಯ ಮೇಲೆ 'ಕನ್ನಡ' ಎಂದು ಕಾಣುತ್ತಿದೆಯೇ ನೋಡಿ, ಆಮೇಲೆ ಮೈಕ್ ಒತ್ತಿ.

ಇದರಲ್ಲಿ ನಾಲ್ಕೂ ಕಾಸು ವಸೂಲಾಗುವ ಕೆಲಸ ಎಂದರೆ ವಾಟ್ಸಾಪ್‌ನಲ್ಲಿ ಮಾತಾಡಿ ಬರೆಯುವುದೇ. ಕಣ್ಣು ಮಂದವಾದವರಿಗೆ, ಕನ್ನಡ ಟೈಪಿಂಗ್ ಬಾರದವರಿಗೆ ಇದು ನಿಜವಾದ ಉಪಕಾರ. ನಮ್ಮ ಮಾತನ್ನು ಅದು ಅಲ್ಲಲ್ಲಿ ಪುಸ್ತಕದ ಕನ್ನಡಕ್ಕೆ ತಿದ್ದಿಬಿಡುತ್ತದೆ. 'ಮಾಡಾಕತ್ತೀನಿ' ಎಂದದ್ದು 'ಮಾಡುತ್ತಿದ್ದೇನೆ' ಆಗಿ ಕಾಣಬಹುದು. ಓದುವವರಿಗೆ ಅರ್ಥವಾದರೆ ಆಯಿತು.

ಫೋನ್ ಕರೆಗೆ ಬೇರೆ ತಯಾರಿ ಬೇಕು. ನಮ್ಮ ಕಾಂಟ್ಯಾಕ್ಟ್ ಪಟ್ಟಿಗಳು ಹೇಗಿರುತ್ತವೆ ಎಂದು ಎಲ್ಲರಿಗೂ ಗೊತ್ತು: ಇಂಗ್ಲಿಷ್ ಅಕ್ಷರದಲ್ಲಿ 'ಬಸು ಮೇಸ್ತ್ರಿ ಹೊಸಾದು', 'ಬಸವರಾಜ ಗೌಂಡಿ 2', 'ಬಸಣ್ಣ ಟ್ರ್ಯಾಕ್ಟರ್'. ಸಹಾಯಕ ನಿಮ್ಮ ಪಟ್ಟಿಯ ಹೆಸರುಗಳ ಕಡೆ ಸ್ವಲ್ಪ ವಾಲಿಕೊಂಡೇ ಕೇಳುತ್ತದೆ, ಆದರೆ ಕನ್ನಡದಲ್ಲಿ ಕೇಳಿದ 'ಬಸವರಾಜಗ' ಎಂಬುದರ ಬಾಲ ಕತ್ತರಿಸಿ, ಇಂಗ್ಲಿಷ್ ಅಕ್ಷರದ ಮೂರು ಹೆಸರಿಗೆ ಹೋಲಿಸಿ ಒಂದನ್ನು ಆರಿಸಬೇಕು. ಆದ್ದರಿಂದ ದಿನಾ ಫೋನ್ ಮಾಡುವ ಹತ್ತು ಹನ್ನೆರಡು ಜನರ ಹೆಸರನ್ನಾದರೂ ಕನ್ನಡ ಅಕ್ಷರದಲ್ಲಿ, ಎರಡು ಪದಕ್ಕೆ ಮೀರದಂತೆ ತಿದ್ದಿ. ಮೊದಲ ಪದ ಒಬ್ಬರದಿದ್ದಂತೆ ಇನ್ನೊಬ್ಬರದು ಇರಬಾರದು. 'ಗೌಂಡಿ ಬಸವರಾಜ', 'ಟ್ರ್ಯಾಕ್ಟರ್ ಬಸಣ್ಣ' ಎಂದು ಕಸಬು ಮುಂದೆ ಇಟ್ಟರೆ ಗೊಂದಲ ಅರ್ಧ ಇಳಿಯುತ್ತದೆ. ಕಾಕಾ, ಮಾಮಾ ಎಂಬಿಷ್ಟೇ ಇಟ್ಟರೆ ಸಾಲದು. ನಮ್ಮಲ್ಲಿ ಎಲ್ಲರೂ ಕಾಕಾನೇ.

ಊರು, ರೇಟು, ಗಾಡಿ

ದಾರಿ ಕೇಳುವಾಗ ಜಿಲ್ಲೆ ಸೇರಿಸುವುದು ರೂಢಿಯಾಗಲಿ. ವಿಜಯಪುರ ದೇವನಹಳ್ಳಿ ತಾಲ್ಲೂಕಿನಲ್ಲೂ ಇದೆ. ಶಹಾಪುರ ಬೆಳಗಾವಿಯ ಬಡಾವಣೆಯೂ ಹೌದು, ಯಾದಗಿರಿ ಜಿಲ್ಲೆಯ ಊರೂ ಹೌದು. ಬರೀ ಬಾಗೇವಾಡಿ ಎಂದರೆ ಹಿರೇಬಾಗೇವಾಡಿಯೋ ಬಸವನ ಬಾಗೇವಾಡಿಯೋ ಎಂದು ಮನುಷ್ಯರೇ ಮರುಪ್ರಶ್ನೆ ಕೇಳುತ್ತಾರೆ. ಬೆಳಗಾವಿ ಪೇಟೆಯೊಳಗೆ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಓಡಾಡುವುದರಿಂದ ತೊಡಕು ಇನ್ನೂ ಹೆಚ್ಚು. ಟಿಳಕವಾಡಿಯ ರೈಲ್ವೆ ಗೇಟನ್ನು 'ತಿಸ್ರೆ ಗೇಟ್' ಎನ್ನುವವರು ಯಂತ್ರಕ್ಕೆ 'ಥರ್ಡ್ ಗೇಟ್' ಎಂದೇ ಹೇಳುವುದು ಲೇಸು, ನಕ್ಷೆಯಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಹೆಸರೇ ಇರುತ್ತದೆ.

ಉಳ್ಳಾಗಡ್ಡಿ ರೇಟು, ಕಬ್ಬಿನ ಬಾಕಿ, ಬಸ್ಸಿನ ಸಮಯ ಇವನ್ನು ಕೇಳಿ ನಂಬುವಂತಿಲ್ಲ. ಮಾತು ಅರ್ಥವಾಗದೆ ಅಲ್ಲ, ಉತ್ತರ ಇರುವ ಜಾಗ ಅದಕ್ಕೆ ಸಿಗುವುದಿಲ್ಲ. ಹಳೆಯ ದಿನದ ಧಾರಣೆಯನ್ನು ಇವತ್ತಿನದೆಂಬಂತೆ ಓದಿಬಿಟ್ಟರೆ ನಷ್ಟ ನಿಮ್ಮದು. ಧಾರಣೆಗೆ ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣ ತೆರೆದು ದಿನಾಂಕ ಸಮೇತ ನೋಡುವುದೇ ಸರಿ. ಬಸ್ಸಿಗಂತೂ ಬೆಳಗಾವಿ, ಬಾಗಲಕೋಟೆ ವಾಯವ್ಯ ಸಾರಿಗೆಗೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರುವುದರಿಂದ ಒಂದೇ ಕಡೆ ವೇಳಾಪಟ್ಟಿ ಇರುವುದಿಲ್ಲ. ರೈಲು ಕೇಳುವಾಗ ಹೆಸರಿಗಿಂತ ಸಂಖ್ಯೆ ಒಳ್ಳೆಯದು. 'ಗೋಲ್ ಗುಂಬಜ್ ಎಲ್ಲಿಗೆ ಬಂತು' ಎಂದರೆ ಸ್ಮಾರಕದ ಇತಿಹಾಸ ಶುರುವಾಗಬಹುದು. 'ಒಂದು ಆರು ಐದು ಮೂರು ಐದು ರೈಲು ಎಲ್ಲಿದೆ' ಎಂದು ಅಂಕಿ ಬಿಡಿಸಿ ಹೇಳಿದರೆ ಆ ಗೊಂದಲ ಇಲ್ಲ.

ಸ್ಪೀಕರ್ ಆಗಲೇ ಮನೆಯಲ್ಲಿದ್ದರೆ

ಕನ್ನಡ ಬಾರದ ಸ್ಪೀಕರಿಗೂ ಕನ್ನಡದ ನಾಲ್ಕಾರು ಅಪ್ಪಣೆ ಕಲಿಸಲು ಒಂದು ಅಡ್ಡದಾರಿ ಇದೆ. ಭಾಷೆ ಹಿಂದಿಗೆ ಇಟ್ಟು 'ದೀಪ ಹಚ್ಚು' ಎಂದು ನಾಲ್ಕೈದು ಸಲ ಹೇಳಿ. ಕೆಲಸ ಆಗುವುದಿಲ್ಲ. ಆಗ ಆ್ಯಪ್‌ನಲ್ಲಿ ಧ್ವನಿ ಇತಿಹಾಸ ತೆರೆದು, ಅದಕ್ಕೆ ಏನು ಕೇಳಿಸಿತು ಎಂದು ಬರಹದಲ್ಲಿ ನೋಡಿ. ಪ್ರತಿ ಸಲವೂ ಒಂದೇ ಬಗೆಯ ತಪ್ಪು ಬರಹ ಬಂದಿದ್ದರೆ, ರೂಟೀನ್ (ಇಂಥ ಮಾತಿಗೆ ಇಂಥ ಕೆಲಸ ಎಂಬ ಜೋಡಣೆ) ಮಾಡಿ, ಆ ತಪ್ಪು ಬರಹವನ್ನೇ ಅಪ್ಪಣೆಯ ಮಾತಾಗಿ ಹಾಕಿ, ಲೈಟ್ ಆನ್ ಆಗುವ ಕೆಲಸವನ್ನು ಜೋಡಿಸಿ. ಸಲ ಸಲಕ್ಕೂ ಬೇರೆ ಬೇರೆ ಬರಹ ಬರುತ್ತಿದ್ದರೆ ಆ ಮಾತು ಬಿಟ್ಟು ಬೇರೆ ಮಾತು ಹಿಡಿಯಿರಿ. ಹಾಡಿಗೂ ಇದೇ ನೀತಿ: ವಚನ, ಭಜನೆ, ಜಾನಪದ ಹಾಡುಗಳ ಹೆಸರನ್ನು ಅದರ ಬಾಯಲ್ಲಿ ತುರುಕುವ ಬದಲು ಪ್ಲೇಲಿಸ್ಟ್ ಮಾಡಿ, ಅದಕ್ಕೆ 'ಮಾರ್ನಿಂಗ್ ಲಿಸ್ಟ್' ಎಂದು ಸುಲಭದ ಹೆಸರಿಡಿ.

ಮಾತಿನಿಂದ ಆನ್ ಆಫ್ ಮಾಡಿಸುವ ಸ್ಮಾರ್ಟ್ ಪ್ಲಗ್ ಕೊಳ್ಳುವಾಗ ಎರಡು ಮಾತು. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಜೋಡಿಸುವಾಗ ಆಗುತ್ತಿಲ್ಲ ಎಂದರೆ ರೌಟರಿನ 5 ಗಿಗಾಹರ್ಟ್ಸ್ ಅನ್ನು ಸ್ವಲ್ಪ ಹೊತ್ತು ಬಂದ್ ಮಾಡಿ ನೋಡಿ. ಗೀಜರಿಗೆ 16 ಆಂಪಿಯರಿನದೇ ಬೇಕು. ನೀರಿನ ಮೋಟರನ್ನು ನೇರವಾಗಿ ಸ್ಮಾರ್ಟ್ ಪ್ಲಗ್ಗಿಗೆ ಹಾಕುವುದು ಬೇಡವೇ ಬೇಡ. ಒಂದು ಎಚ್‌ಪಿ ಮೋಟರ್ 746 ವ್ಯಾಟ್ ಎಂದು ಲೆಕ್ಕ ಹಾಕಿ ಸಮಾಧಾನ ಪಡುತ್ತಾರೆ, ಆದರೆ ಶುರುವಾಗುವ ಗಳಿಗೆಯಲ್ಲಿ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಒಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚಿನ ಕಾಂಟ್ಯಾಕ್ಟ್ ಕರಗಿ ಅಂಟಿಕೊಂಡರೆ 'ಬಂದ್ ಮಾಡು' ಎಂದಾಗ ಯಂತ್ರ 'ಸರಿ' ಎನ್ನುತ್ತದೆ, ಟಾಕಿ ತುಂಬಿ ಹರಿಯುತ್ತಲೇ ಇರುತ್ತದೆ. ಮೋಟರಿಗೆ ಬೇಕಾದರೆ ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ಸ್ವಿಚ್ಚು) ಹಾಕಿಸಿ, ಅದೂ ಎಲೆಕ್ಟ್ರಿಷಿಯನ್ ಕೈಯಿಂದ.

ಮನೆಮಾತು ಹೊರಗೆ ಹೋಗುತ್ತದೆಯೇ ಎಂಬ ಅನುಮಾನ ಇದ್ದವರು ಧ್ವನಿ ಇತಿಹಾಸವನ್ನೇ ಆಗಾಗ ನೋಡಲಿ. ಕರೆಯದೆ ಎದ್ದ ಸಂದರ್ಭಗಳೂ ಅಲ್ಲಿ ಕಾಣುತ್ತವೆ, ಅಲ್ಲೇ ಅಳಿಸಬಹುದು. ವ್ಯವಹಾರದ ಮಾತಿನ ಹೊತ್ತಿಗೆ ಮೈಕಿನ ಬಟನ್ ಬಂದ್ ಮಾಡಿ. ಎಕೋದಲ್ಲಿ ಕೆಂಪು, ನೆಸ್ಟ್ ಮಿನಿಯಲ್ಲಿ ಕಿತ್ತಳೆ ಬೆಳಕು ಬಂದರೆ ಮೈಕ್ ಬಂದ್ ಆಗಿದೆ ಎಂದರ್ಥ.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಅಂಗಡಿಯಲ್ಲೇ ಪರೀಕ್ಷೆ ಆಗಲಿ. ಖಡೇಬಜಾರದ ಗದ್ದಲವೇ ಇದಕ್ಕೆ ಹೇಳಿ ಮಾಡಿಸಿದ್ದು. ಡೆಮೊ ಸ್ಪೀಕರನ್ನು ಮೂರು ಮೀಟರ್ ದೂರದಿಂದ, ದನಿ ಎತ್ತರಿಸದೆ ಕರೆಯಿರಿ. ಹಾಡು ಹಾಕಿಸಿ, ಅದು ಜೋರಾಗಿ ನುಡಿಯುವಾಗ ನಿಲ್ಲಿಸಲು ಹೇಳಿ. ಮನೆಯಲ್ಲಿ ಅದನ್ನು ಬಳಸುವವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ ಅವರಿಂದಲೇ ಮಾತಾಡಿಸಿ, ಸೇಲ್ಸ್‌ಮನ್ ಬಾಯಿಂದ ಅಲ್ಲ. ಐದು ಸಲ ಕರೆದಾಗ ನಾಲ್ಕು ಸಲವಾದರೂ ಏಳದಿದ್ದರೆ ಡಬ್ಬ ಅಲ್ಲೇ ಬಿಟ್ಟು ಬನ್ನಿ.